ಹಿರಿಯರು ಊಟ ಬಿಟ್ಟಾಗ: ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ನಾವು ತಿಳಿಸಬೇಕಾದದ್ದು



ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಎಂ.ಎಸ್.ಡಬ್ಲ್ಯು. ಎನ್ನುತ್ತಾರೆ. ಎರಡು ವರ್ಷದ ಈ ಓದಿನಲ್ಲಿ ತರಗತಿಯ ಪಾಠದಷ್ಟೇ ಮುಖ್ಯವಾದದ್ದು ಕ್ಷೇತ್ರಕಾರ್ಯ. ವಿದ್ಯಾರ್ಥಿಗಳು ಆಸ್ಪತ್ರೆ, ವೃದ್ಧಾಶ್ರಮ, ಸೇವಾ ಸಂಸ್ಥೆಗಳಿಗೆ ಹೋಗಿ ಕೆಲಸ ಮಾಡುತ್ತಲೇ ಕಲಿಯುತ್ತಾರೆ. ನಮ್ಮ ಸಮಾಜದ ಹಿರಿಯರ ಬಳಿಗೂ ಬರುತ್ತಾರೆ. ಹಿರಿಯರ ಕಾಯಿಲೆ, ಕಾನೂನು, ಸರ್ಕಾರದ ಯೋಜನೆಗಳನ್ನು ಕಾಲೇಜು ಹೇಳಿಕೊಡುತ್ತದೆ. ಜೈನರ ಮನೆಯ ಊಟದ ನಿಯಮ ತಿಳಿಸಬೇಕಾದವರು ನಾವೇ.

ಸ್ವಯಂಸೇವಕನಾಗಿ ನಾನು ಕಂಡ ಎರಡು ಸಂಗತಿ ಹೇಳುತ್ತೇನೆ. ಒಬ್ಬ ಅಜ್ಜಿ ಚತುರ್ದಶಿಯ ಉಪವಾಸದಲ್ಲಿದ್ದರು. ಅವರನ್ನು ನೋಡಲು ಬಂದ ವಿದ್ಯಾರ್ಥಿನಿ "ಊಟ ನಿರಾಕರಿಸುತ್ತಾರೆ, ಖಿನ್ನತೆ ಇರಬಹುದು" ಎಂದು ಬರೆದುಕೊಂಡಳು. ಮರುದಿನ ಅಜ್ಜಿ ಪಾರಣೆ ಮಾಡಿ ನಗುನಗುತ್ತಾ ಮಾತನಾಡಿದರು. ಇನ್ನೊಂದು ಮನೆಯಲ್ಲಿ ಇದಕ್ಕೆ ತಿರುಗುಮುರುಗು. ತಾತ ಊಟ ಕಡಿಮೆ ಮಾಡಿದಾಗ "ಏನೋ ನಿಯಮ ಹಿಡಿದಿದ್ದಾರೆ" ಎಂದು ಮನೆಯವರು ಸುಮ್ಮನಿದ್ದರು. ಪಕ್ಕದಲ್ಲಿ ಕುಳಿತು ಕೇಳಿದಾಗ ಗೊತ್ತಾಯಿತು, ಕಟ್ಟಿಸಿದ ಹಲ್ಲು ಒಸಡಿಗೆ ಒತ್ತಿ ಹುಣ್ಣಾಗಿತ್ತು. ಯಾರಿಗೂ ತೊಂದರೆ ಕೊಡಬಾರದೆಂದು ಅವರು ಹೇಳಿರಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ಮೊದಲು ಕಲಿಸಬೇಕಾದದ್ದು ವ್ರತಕ್ಕೂ ನೋವಿಗೂ ಇರುವ ವ್ಯತ್ಯಾಸ.

ವ್ರತಕ್ಕೆ ಮೊದಲು, ಕೊನೆ ಇರುತ್ತದೆ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವ ಹೀಗೆ ಒಂದು ದಿನವಿರುತ್ತದೆ. ಉಪವಾಸವೋ ಏಕಾಸನವೋ ಎಂದು ಹಿರಿಯರೇ ಹೇಳುತ್ತಾರೆ. ನೋವಿನಿಂದ ಊಟ ಬಿಟ್ಟವರಿಗೆ ದಿನದ ಲೆಕ್ಕವಿಲ್ಲ. ಇಷ್ಟದ ತಿಂಡಿಯನ್ನೂ ಪಕ್ಕಕ್ಕೆ ಸರಿಸುತ್ತಾರೆ. ಬಟ್ಟೆ ಸಡಿಲವಾಗುತ್ತದೆ, ನಿದ್ದೆ ಕೆಡುತ್ತದೆ, ಬಸದಿಗೆ ಹೋಗುವುದು, ಸ್ವಾಧ್ಯಾಯ ಮಾಡುವುದು ನಿಲ್ಲುತ್ತದೆ. ಇಂಥ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಖಿನ್ನತೆಯ ಸುಳಿವು ಹಿಡಿಯಲು "ಹೌದು", "ಇಲ್ಲ" ಎಂದು ಉತ್ತರಿಸುವ 15 ಪ್ರಶ್ನೆಗಳ ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್ ಇದೆ. ಅದು ಸುಳಿವು ಮಾತ್ರ ಕೊಡುತ್ತದೆ, ಕಾಯಿಲೆ ಏನೆಂದು ತೀರ್ಮಾನಿಸುವವರು ವೈದ್ಯರು.

ವ್ರತವೇ ಆಗಿದ್ದರೂ ಔಷಧಿಯ ವಿಚಾರ ಕೇಳಬೇಕು. ಸಕ್ಕರೆ ಕಾಯಿಲೆಯವರು ಎಂದಿನಂತೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯಕಾರಿಯಾಗಿ ಇಳಿಯಬಹುದು. ರಾತ್ರಿ ಭೋಜನ ತ್ಯಾಗ ಮಾಡಿದವರಲ್ಲಿ ಕೆಲವರು ನೀರು, ಔಷಧಿಗೆ ವಿನಾಯಿತಿ ಇಟ್ಟುಕೊಂಡಿರುತ್ತಾರೆ, ಕೆಲವರು ಅದನ್ನೂ ಬಿಟ್ಟಿರುತ್ತಾರೆ. ವೈದ್ಯರಿಗೆ ಮೊದಲೇ ತಿಳಿಸಿದರೆ ಔಷಧಿಯ ಹೊತ್ತು, ಪ್ರಮಾಣ ಬದಲಿಸಲು ಆಗುತ್ತದೆಯೇ ಎಂದು ನೋಡುತ್ತಾರೆ.

ಸಲ್ಲೇಖನದ ಬಗ್ಗೆಯೂ ತಿಳಿಸಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧವೆಂದು ಪರಿಗಣಿಸಲು ಹೇಳಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಸಂದರ್ಭಗಳನ್ನು ಹೇಳಿದೆ: ಪರಿಹಾರವೇ ಇಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ. ಬೇಸರದಿಂದ, ಮನೆಯವರ ಮೇಲಿನ ಮುನಿಸಿನಿಂದ, "ನಾನು ಯಾರಿಗೂ ಬೇಡವಾದೆ" ಎಂಬ ದುಃಖದಿಂದ ಊಟ ಬಿಡುವುದು ಸಲ್ಲೇಖನವಲ್ಲ. ಅದಕ್ಕೆ ಆ ಹೆಸರು ಕೊಟ್ಟು ನಾವು ಸುಮ್ಮನಿರುವುದು ಧರ್ಮವೂ ಅಲ್ಲ.

ಇದೆಲ್ಲ ತಿಳಿಯಬೇಕಾದರೆ ವಿದ್ಯಾರ್ಥಿ ಹಿರಿಯರೊಡನೆ ಒಬ್ಬರೇ ಇರುವಾಗ ಮಾತನಾಡಬೇಕು. ನಮ್ಮ ಮನೆಗಳಲ್ಲಿ ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಉತ್ತರ ಹೇಳಿಬಿಡುತ್ತಾರೆ. ಅರ್ಧ ಗಂಟೆ ನಾವು ಹೊರಗಿರೋಣ. ವಿದ್ಯಾರ್ಥಿಗಳೂ ಮನೆಯವರನ್ನು ತಪ್ಪಿತಸ್ಥರಂತೆ ನೋಡಬಾರದು. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಆರೈಕೆ ಮಾಡಿದ ಸೊಸೆಗೂ ದಣಿವಿದೆ. "ನೀವು ಊಟ ಮಾಡಿದಿರಾ ಅಮ್ಮ?" ಎಂದು ಆಕೆಯನ್ನೂ ಕೇಳುವುದು ಈ ಕೆಲಸದ ಭಾಗ.

ನಿಜವಾಗಿಯೂ ಅಲಕ್ಷ್ಯವಾಗಿದ್ದರೆ ದಾರಿಯಿದೆ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆ-ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದ, 60 ವರ್ಷ ದಾಟಿದವರು ತಮ್ಮ ಆಸ್ತಿ ಪಡೆಯಲಿರುವ ಬಂಧುಗಳಿಂದ ಕೇಳಬಹುದು. ಸಲಹೆಗೆ ಹಿರಿಯರ ಸಹಾಯವಾಣಿ 14567 ಇದೆ.

ನಮ್ಮಲ್ಲಿ ಸೇವೆಗೆ ವೈಯಾವೃತ್ಯ ಎಂಬ ಹೆಸರಿದೆ. ಆರು ಅಂತರಂಗ ತಪಗಳಲ್ಲಿ ಅದೂ ಒಂದು. ಅದನ್ನು ಕಲಿಯಲು ಮುಂದಿನ ಸಲ ಒಬ್ಬ ವಿದ್ಯಾರ್ಥಿ ನಿಮ್ಮ ಮನೆಗೆ ಬಂದರೆ ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೆ ಕೂರಿಸಿ. ನಮ್ಮ ನಿಯಮಗಳ ಅರ್ಧ ಪಾಠ ಅಲ್ಲೇ ಆಗುತ್ತದೆ.