ಬೆಟ್ಟ ಬಗೆದ ಹಳಿ

ಟಿಬೆಟ್ಟಿನ ಲ್ಹಾಸಾ ನಗರದಿಂದ ಮೂಡಲಿನ ನಿಂಗ್ಚಿಗೆ 2021ರ ಜೂನ್ 25ರಂದು ರೈಲು ಓಡತೊಡಗಿದಾಗ, ನಮ್ಮ ಪತ್ರಿಕೆಗಳಲ್ಲಿ ಕೆಲವು ಅದನ್ನು 'ಬುಲೆಟ್ ರೈಲು' ಎಂದು ವರ್ಣಿಸಿದವು. ಆ ಮಾತನ್ನು ತುಸು ತಿದ್ದಿಕೊಳ್ಳಬೇಕು. ಆ ಮಾರ್ಗಕ್ಕೆ ಗೊತ್ತುಮಾಡಿದ ವೇಗ ಗಂಟೆಗೆ 160 ಕಿಲೋಮೀಟರ್. ಚೀನದ ಬಯಲುಸೀಮೆಯಲ್ಲಿ ಬಂಡಿಗಳು ಇದರ ಇಮ್ಮಡಿಗೂ ಹೆಚ್ಚಿನ ವೇಗದಲ್ಲಿ ಹೋಗುತ್ತವೆ. ಆದರೆ ವೇಗವನ್ನು ನೆಲ ನೋಡಿ ಅಳೆಯಬೇಕಲ್ಲವೆ? 435 ಕಿಲೋಮೀಟರ್ ಉದ್ದದ ಈ ಹಳಿಯ ನೂರಕ್ಕೆ ತೊಂಬತ್ತು ಪಾಲು ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲಿದೆ. ಉಸಿರಾಟಕ್ಕೆ ತೊಡಕಾಗದಂತೆ ಡಬ್ಬಿಗಳೊಳಗೆ ಆಮ್ಲಜನಕವನ್ನು ಹಾಯಿಸುವ ಏರ್ಪಾಡು ಇದೆ.

ಮಾರ್ಗದ ಮುಕ್ಕಾಲು ಪಾಲು ನೆಲದ ಮೇಲೇ ಇಲ್ಲ. 47 ಸುರಂಗಗಳು, 121 ಸೇತುವೆಗಳು. ಯಾರ್ಲುಂಗ್ ತ್ಸಾಂಗ್ಪೊ ನದಿಯೊಂದನ್ನೇ ಹಳಿ ಹದಿನಾರು ಸಲ ದಾಟುತ್ತದೆ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಪರ್ವತ. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಲೇ ಇರುವುದರಿಂದ ಅಲ್ಲಿಯ ಶಿಲೆ ಬಿರುಕುಬಿಟ್ಟಿದೆ, ಒಳಗೆ ಕಾದಿದೆ. ಸಾಂಗ್‌ಝುಲಿಂಗ್ ಸುರಂಗದಲ್ಲಿ ಬಂಡೆಯ ಶಾಖ 89.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಷ್ಟು ಎತ್ತರದಲ್ಲಿ ನೀರು ಕುದಿಯುವುದೂ ಸುಮಾರು ಅಷ್ಟೇ ಶಾಖದಲ್ಲಿ. ಕೆಲಸಗಾರರು ಮಂಜುಗಡ್ಡೆಯನ್ನು ಒಳಗೆ ಸಾಗಿಸಿಕೊಂಡು ದುಡಿದರು. ಬಾಯು ಸುರಂಗದ ಕಷ್ಟ ಬೇರೆ ಬಗೆಯದು. ಅಗಾಧ ಭಾರದಡಿ ಯುಗಯುಗಗಳಿಂದ ಅದುಮಿಕೊಂಡಿದ್ದ ಶಿಲೆಯ ಒಂದು ಮಗ್ಗುಲನ್ನು ಕೊರೆದು ತೆರೆದೊಡನೆ ಅದರ ಒತ್ತಡ ಬಿಡುಗಡೆಯಾಗಿ ಚೂರುಗಳು ರಭಸದಿಂದ ಸಿಡಿಯುತ್ತವೆ. 'ಬುಲೆಟ್' ಎಂಬ ಹೆಸರು ಬೇಕೇ ಬೇಕೆನ್ನುವವರು ಅದನ್ನು ಇಲ್ಲಿಗೆ ಸಲ್ಲಿಸಬಹುದು.

ಝಾಂಗ್ಮು ಎಂಬಲ್ಲಿಯ ಸೇತುವೆಯ ಕಮಾನಿನ ಹರವು 430 ಮೀಟರ್. ಅದರ ಉಕ್ಕಿಗೆ ಒಂದು ವಿಶೇಷ ಗುಣವಿದೆ: ಮೇಲೆ ಕಟ್ಟುವ ತುಕ್ಕಿನ ಪದರವೇ ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಪದೇಪದೇ ಬಣ್ಣ ಬಳಿಯಲು ಜನ ಹತ್ತಲಾಗದ ಕಣಿವೆಗೆ ಇದು ತಕ್ಕ ಉಪಾಯ.

ಇಷ್ಟೊಂದು ಶ್ರಮ ಪ್ರವಾಸಿಗರ ಸುಖಕ್ಕಾಗಿ ಮಾತ್ರವೆಂದು ನಂಬುವುದು ಕಷ್ಟ. ನಿಂಗ್ಚಿಯ ದಕ್ಷಿಣಕ್ಕೆ ಅರುಣಾಚಲ ಪ್ರದೇಶ. 1914ರ ಮ್ಯಾಕ್‌ಮಹೋನ್ ರೇಖೆಯನ್ನು ಚೀನ ಒಪ್ಪಿಲ್ಲ. ಮಾರ್ಗ ತೆರೆದ ಮರುತಿಂಗಳೇ ಷಿ ಜಿನ್‌ಪಿಂಗ್ ನಿಂಗ್ಚಿಗೆ ಬಂದು, ಇದೇ ರೈಲಿನಲ್ಲಿ ಲ್ಹಾಸಾಗೆ ಪಯಣಿಸಿದರು. ಸಿಚುವಾನಿನ ಯಾಆನ್‌ನಿಂದ ನಿಂಗ್ಚಿಗೆ ಬರಬೇಕಾದ ಸಾವಿರ ಕಿಲೋಮೀಟರಿಗೂ ಮಿಕ್ಕ ಹಳಿಯ ಕೆಲಸ 2020ರ ನವೆಂಬರಿನಲ್ಲೇ ಆರಂಭವಾಗಿತ್ತು. ಅದು ಮುಗಿದರೆ ಚೆಂಗ್ಡುವಿನಿಂದ ಸರಕಾಗಲಿ ಸೈನ್ಯವಾಗಲಿ ಗಡಿಯ ಸಮೀಪಕ್ಕೆ ನೇರವಾಗಿ ಬರಬಲ್ಲದು.

ನನಗೆ ಸೈನ್ಯಕ್ಕಿಂತಲೂ ಹೆಚ್ಚಾಗಿ ಕಾಡುವುದು ಆ ನದಿ. ಹಳಿ ಹದಿನಾರು ಸಲ ದಾಟುವ ತ್ಸಾಂಗ್ಪೊ ನಾಮ್ಚಾ ಬರ್ವಾ ಶಿಖರವನ್ನು ಬಳಸಿ ತಿರುಗಿ, ಅರುಣಾಚಲದಲ್ಲಿ ಸಿಯಾಂಗ್ ಆಗಿ, ಅಸ್ಸಾಮಿನಲ್ಲಿ ಬ್ರಹ್ಮಪುತ್ರವಾಗುತ್ತದೆ. ಆ ತಿರುವಿನ ಪ್ರದೇಶದಲ್ಲಿ ಬೃಹತ್ ಜಲವಿದ್ಯುತ್ ಯೋಜನೆಯೊಂದಕ್ಕೆ 2025ರ ಜುಲೈನಲ್ಲಿ ಚೀನ ಚಾಲನೆ ಕೊಟ್ಟಿತು. ಹಳಿಯಿಲ್ಲದ ಕಾಲದಲ್ಲಿ ಅಲ್ಲಿಗೆ ಸಿಮೆಂಟು, ಯಂತ್ರ ಒಯ್ಯುವುದೇ ದುಸ್ತರವಾಗಿತ್ತು. ನಮ್ಮ ಕಡೆಯೂ ಕೈಕಟ್ಟಿ ಕುಳಿತಿಲ್ಲ: ಅದೇ ನದಿಯ ಮೇಲೆ, ದಿಬ್ರುಗಢದ ಬಳಿ, 4.94 ಕಿಲೋಮೀಟರ್ ಉದ್ದದ ಬೋಗಿಬೀಲ್ ಸೇತುವೆ 2018ರ ಡಿಸೆಂಬರ್ 25ರಂದು ತೆರೆಯಿತು. ಮೇಲೆ ರಸ್ತೆ, ಕೆಳಗೆ ಜೋಡಿ ಹಳಿ.