ಕೋಚ್ ಬದಲಾದರೆ ತಂಡ ಬದಲಾಗುವುದೇ?

ಮೂಡುಬಿದಿರೆ: ಮಳೆಗಾಲ ಕಳೆದು ಗದ್ದೆಗಳ ಕೊಯ್ಲು ಮುಗಿಯುತ್ತಿದ್ದಂತೆ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪರಿಸರದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ಆರಂಭವಾಗುತ್ತವೆ. ಒಂದೇ ರಾತ್ರಿಯ ಪಂದ್ಯಾಟಕ್ಕೆ ಹೊರಗಿನಿಂದ ಅತಿಥಿ ಆಟಗಾರರನ್ನು ಕರೆತಂದು ತಂಡ ಕಟ್ಟುವುದು ಇಲ್ಲಿ ಹೊಸತೇನಲ್ಲ. ಆಟಗಾರರನ್ನು ಆರಿಸುವವರು ತಂಡಕ್ಕೆ ಹಣ ಹಾಕಿದವರು. ಸೋತರೆ ಮರುದಿನ ಮಾತು ಕೇಳಬೇಕಾದವರು ಅಂಕಣದ ಬದಿಯಲ್ಲಿ ನಿಂತಿದ್ದ ತರಬೇತುದಾರರು. ಕೋಟ್ಯಂತರ ರೂಪಾಯಿ ವಹಿವಾಟಿನ ವೃತ್ತಿಪರ ಫುಟ್‌ಬಾಲ್‌ನಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿಲ್ಲ ಎಂಬುದಕ್ಕೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ರಾಜ್ಯವನ್ನು ಪ್ರತಿನಿಧಿಸುವ ಬೆಂಗಳೂರು ಎಫ್‌ಸಿಯ ಚರಿತ್ರೆಯೇ ಸಾಕ್ಷಿ.

2023ರ ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ತಂಡವು ಬೆಂಗಳೂರು ತಂಡವನ್ನು 4-0 ಗೋಲುಗಳಿಂದ ಮಣಿಸಿತು. ಲೀಗ್‌ನಲ್ಲಿ ಅದುವರೆಗೆ ಬೆಂಗಳೂರಿನ ಪಾಲಿಗೆ ದಕ್ಕಿದ್ದು ಒಂದೇ ಗೆಲುವು. ಮರುದಿನವೇ ಇಂಗ್ಲೆಂಡಿನ ಮುಖ್ಯ ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಬೀಳ್ಕೊಟ್ಟಿತು. ಅಭಿಮಾನಿಗಳಲ್ಲಿ ಹೆಚ್ಚಿನವರಿಗೆ ಇದು ಅನಿರೀಕ್ಷಿತವೆನಿಸಲಿಲ್ಲ.

ಆದರೆ ಒಂದು ವರ್ಷ ಹಿಂದಕ್ಕೆ ಹೋದರೆ ಚಿತ್ರವೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಇದೇ ಗ್ರೇಸನ್ ಅವರ ಮಾರ್ಗದರ್ಶನದಲ್ಲಿ ತಂಡವು ಕೋಲ್ಕತ್ತದಲ್ಲಿ ಇದೇ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿತ್ತು. ಆ ಬಳಿಕ ಲೀಗ್ ಹಂತದ ಕೊನೆಯಲ್ಲಿ ಸತತ ಎಂಟು ಪಂದ್ಯಗಳನ್ನು ಗೆದ್ದು, 2023ರ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ತಂಡಕ್ಕೆ ಪೆನಾಲ್ಟಿ ಶೂಟೌಟ್‌ನಲ್ಲಿ ಮಾತ್ರ ಶರಣಾಗಿತ್ತು. ಗ್ರೇಸನ್ ಹೆಸರಿಲ್ಲದ ಕೋಚ್ ಕೂಡ ಅಲ್ಲ. ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್ ಹಾಗೂ ಪ್ರೆಸ್ಟನ್ ಎಂಬ ನಾಲ್ಕು ಕ್ಲಬ್‌ಗಳನ್ನು ಇಂಗ್ಲೆಂಡಿನ ಮೂರನೇ ದರ್ಜೆಯಿಂದ ಎರಡನೇ ದರ್ಜೆಗೆ ಏರಿಸಿದವರು. ಫೈನಲ್ ತಲುಪಿಸಿದ ವ್ಯಕ್ತಿ ಒಂಬತ್ತೇ ತಿಂಗಳಲ್ಲಿ ಕೆಲಸಕ್ಕೆ ಬಾರದವರಾದದ್ದು ಹೇಗೆ?

ಉತ್ತರವನ್ನು ಆ ಒಂಬತ್ತು ತಿಂಗಳ ನಡುವಿನ ಬೇಸಿಗೆಯಲ್ಲಿ ಹುಡುಕಬೇಕು. ದಾಳಿ ವಿಭಾಗದ ರಾಯ್ ಕೃಷ್ಣ ಒಡಿಶಾ ಎಫ್‌ಸಿಗೆ ತೆರಳಿದರು. ರಕ್ಷಣಾ ವಿಭಾಗದ ಆಧಾರಸ್ತಂಭ ಸಂದೇಶ್ ಜಿಂಗನ್ ಹಾಗೂ ಬಹುಕಾಲದ ವಿಂಗ್ ಆಟಗಾರ ಉದಾಂತ ಸಿಂಗ್ ಎಫ್‌ಸಿ ಗೋವಾ ಸೇರಿದರು. ಇನ್ನೂ ಕೆಲವರು ಹೊರನಡೆದರು. ಕೋಚ್ ಅವರೇ, ಜೆರ್ಸಿ ಅದೇ. ಒಳಗಿದ್ದ ತಂಡ ಮಾತ್ರ ಅದಲ್ಲ. ಕಂಬಳದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಣಗಳ ಜೋಡಿಯನ್ನು ಬದಲಿಸಿ, ಕರೆಯಲ್ಲಿ ಹಿಂದುಳಿದದ್ದಕ್ಕೆ ಓಡಿಸಿದವನನ್ನು ದೂರುವ ಯಜಮಾನನನ್ನು ಯಾರೂ ಒಪ್ಪಲಾರರು.

ಯಾರನ್ನು ಆರಿಸಬೇಕು?

ಸೋಲುತ್ತಿರುವ ತಂಡಕ್ಕೆ ಹೊಸ ಕೋಚ್ ಹುಡುಕುವ ಕೆಲಸ ಹೊರಗಿನಿಂದ ತೋರುವಷ್ಟು ಮುಕ್ತವಾದುದಲ್ಲ. ಮೊದಲ ಜರಡಿ ಅರ್ಹತೆಯದು. ದೇಶದ ಅತ್ಯುನ್ನತ ಲೀಗ್‌ನಲ್ಲಿ ಮುಖ್ಯ ಕೋಚ್ ಆಗಲು ಏಷ್ಯಾ ಫುಟ್‌ಬಾಲ್ ಒಕ್ಕೂಟದ ಪ್ರೊ ಲೈಸೆನ್ಸ್ ಅಥವಾ ಅದಕ್ಕೆ ಸಮಾನವಾದ ಅರ್ಹತೆ ಬೇಕು. ಎರಡನೆಯದು ಕಾಲ. ಲೀಗ್ ನಡುವೆ ಹುಡುಕಾಟಕ್ಕೆ ಇಳಿದಾಗ ಒಳ್ಳೆಯ ಕೋಚ್‌ಗಳಲ್ಲಿ ಹೆಚ್ಚಿನವರು ಬೇರೆಡೆ ಒಪ್ಪಂದದಲ್ಲಿರುತ್ತಾರೆ. ಸಿಕ್ಕವರು ಬಂದಿಳಿದ ಮೇಲೂ ಆಟಗಾರರನ್ನು ಬದಲಿಸಿಕೊಳ್ಳಲು ಜನವರಿಯ ಚಿಕ್ಕ ವರ್ಗಾವಣೆ ಅವಧಿಯೊಂದೇ ದಾರಿ. ಮೂರನೆಯದು ಹಣ. ಹೋಗುವವರಿಗೆ ಉಳಿದ ಅವಧಿಯ ಪರಿಹಾರ, ಬರುವವರಿಗೆ ಸಂಬಳ, ಅವರೊಂದಿಗೆ ಬರುವ ಸಹಾಯಕರ ಖರ್ಚು. ಇವೆಲ್ಲ ಒಂದೇ ವರ್ಷದ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ.

ಈ ಕಾರಣದಿಂದಲೇ ಕ್ಲಬ್‌ಗಳು ಸಂಕಟ ಕಾಲದಲ್ಲಿ ಪರಿಚಿತರತ್ತ ತಿರುಗುತ್ತವೆ. ಬೆಂಗಳೂರು ಎಫ್‌ಸಿಯ ಪಟ್ಟಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಈ ಕ್ಲಬ್ಬಿನ ಮೊದಲ ಕೋಚ್ ಆಶ್ಲೆ ವೆಸ್ಟ್‌ವುಡ್ ಪ್ರಥಮ ಯತ್ನದಲ್ಲೇ ಐ-ಲೀಗ್ ಪ್ರಶಸ್ತಿ ತಂದುಕೊಟ್ಟರು. 2015-16ರಲ್ಲಿ ಅದನ್ನು ಪುನಃ ಗೆದ್ದರು. ಬಳಿಕ ಬಂದ ಸ್ಪೇನಿನ ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹಿರಿಮೆಯನ್ನು ಬೆಂಗಳೂರಿಗೆ ದೊರಕಿಸಿದರು. ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್ 2018ರಲ್ಲಿ ಮುಖ್ಯ ಕೋಚ್ ಆಗಿ, 2019ರ ಮಾರ್ಚ್ 17ರಂದು ಎಫ್‌ಸಿ ಗೋವಾವನ್ನು 1-0ಯಿಂದ ಮಣಿಸಿ ಐಎಸ್‌ಎಲ್ ಕಿರೀಟ ತೊಡಿಸಿದರು. ಕ್ವಾಡ್ರಾಟ್ ಅವರಿಗೆ ಆಗ ಸಹಾಯಕರಾಗಿದ್ದವರು ಜೆರಾರ್ಡ್ ಝರಗೋಝ. 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಸ್ಥಾನಕ್ಕೆ ಕೆಲವೇ ದಿನಗಳಲ್ಲಿ ನೇಮಕಗೊಂಡವರೂ ಅವರೇ. ಅಂದರೆ ಮೂವರು ಸ್ಪೇನಿಗರು ಒಂದೇ ಪರಂಪರೆಯ ಮೂರು ಕೊಂಡಿಗಳು.

ಮಧ್ಯೆ ಈ ಕೊಂಡಿ ಕಳಚಿದ್ದೂ ಉಂಟು. ಸತತ ಸೋಲುಗಳ ನಂತರ 2021ರ ಜನವರಿಯಲ್ಲಿ ಕ್ವಾಡ್ರಾಟ್ ನಿರ್ಗಮಿಸಿದಾಗ ನೌಶಾದ್ ಮೂಸಾ ಹಂಗಾಮಿ ಹೊಣೆ ಹೊತ್ತರು. ಆನಂತರ ಜರ್ಮನಿಯ ಮಾರ್ಕೊ ಪೆಝಾಯುವೊಲಿ ಅವರನ್ನು ಮೂರು ವರ್ಷಗಳ ಒಪ್ಪಂದದ ಮೇಲೆ ಕರೆತರಲಾಯಿತು. 2009ರಲ್ಲಿ ಜರ್ಮನಿಯ 17 ವರ್ಷದೊಳಗಿನವರ ತಂಡವನ್ನು ಯೂರೋಪಿನ ಚಾಂಪಿಯನ್ ಮಾಡಿದ್ದ ಅವರ ಹೆಸರು ಕಿರಿಯರನ್ನು ಬೆಳೆಸುವುದರಲ್ಲಿತ್ತು. ಕಿರಿಯರನ್ನು ಬೆಳೆಸಬಲ್ಲವರನ್ನು ಆರಿಸಿದ ಮೇಲೆ ಕಾಯುವ ತಾಳ್ಮೆಯೂ ಇರಬೇಕಿತ್ತು. ತಂಡ 2021-22ರಲ್ಲಿ ಆರನೇ ಸ್ಥಾನ ಪಡೆಯಿತು. ಮೂರು ವರ್ಷಗಳ ಒಪ್ಪಂದ ಅರ್ಧದಷ್ಟೂ ಕಳೆಯುವ ಮೊದಲೇ ಕೊನೆಗೊಂಡಿತು. ಇಲ್ಲಿ ತಪ್ಪಿದ್ದು ಕೋಚ್ ಆಯ್ಕೆಗಿಂತ ಹೆಚ್ಚಾಗಿ, ಆತನಿಂದ ಏನು ಬೇಕೆಂಬುದರ ನಿರ್ಧಾರವೆಂದೇ ತೋರುತ್ತದೆ.

ಲೆಕ್ಕ ಏನು ಹೇಳುತ್ತದೆ?

ಕೋಚ್ ಬದಲಾದೊಡನೆ ತಂಡ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ ಜಗತ್ತಿನಾದ್ಯಂತ ಇದೆ. ನೆದರ್‌ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಆ ದೇಶದ ಅಗ್ರ ಲೀಗ್‌ನಲ್ಲಿ ಕೋಚ್‌ನನ್ನು ವಜಾ ಮಾಡಿದ ತಂಡಗಳನ್ನೂ, ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದರೂ ಅದೇ ಕೋಚ್‌ನನ್ನು ಉಳಿಸಿಕೊಂಡ ತಂಡಗಳನ್ನೂ ಅವರು ಹೋಲಿಸಿ ನೋಡಿದರು. ವಜಾ ಮಾಡಿದ ತಂಡಗಳು ಚೇತರಿಸಿಕೊಂಡವು, ನಿಜ. ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಸಾಮಾನ್ಯಕ್ಕಿಂತ ಬಹಳ ಕೆಳಗಿಳಿದ ತಂಡ ಕೆಲ ವಾರಗಳಲ್ಲಿ ತನ್ನ ಸಹಜ ಮಟ್ಟಕ್ಕೆ ಮರಳುವುದು ಸ್ವಾಭಾವಿಕ. ಆ ಕೀರ್ತಿ ಅಷ್ಟರಲ್ಲಿ ಬಂದಿಳಿದವರಿಗೆ ಸಲ್ಲುತ್ತದೆ.

ಬೆಂಗಳೂರಿನಲ್ಲಿ ಅಷ್ಟೂ ಆಗಲಿಲ್ಲ. ಝರಗೋಝ ಬಂದ ಮೇಲೆಯೂ ತಂಡವು 2023-24ರ ಲೀಗನ್ನು 12 ತಂಡಗಳ ಪೈಕಿ 10ನೇ ಸ್ಥಾನದಲ್ಲಿ ಮುಗಿಸಿತು. ಈ ಬಾರಿ ಮಾತ್ರ ಕ್ಲಬ್ ಆತುರಪಡಲಿಲ್ಲ. ಆ ಬೇಸಿಗೆಯಲ್ಲಿ ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗ್ವೆರಾ, ಹೋರ್ಹೆ ಪೆರೇರಾ ಡಯಾಸ್ ಹಾಗೂ 2019ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದಿದ್ದ ರಾಹುಲ್ ಭೆಕೆ ಬಂದರು. ಸ್ಪೇನಿನ ಎಡ್ಗರ್ ಮೆಂಡೆಜ್ ಬಂದರು. ಸ್ಥಳೀಯ ಕಿರಿಯ ಆಟಗಾರ ವಿನಿತ್ ವೆಂಕಟೇಶ್ ಅವರಿಗೆ ಅವಕಾಶ ದೊರೆಯಿತು. ಅದೇ ಕೋಚ್, ತಾನು ಸಿದ್ಧಪಡಿಸಿದ ತಂಡದೊಂದಿಗೆ 2024-25ರಲ್ಲಿ ಮೂರನೇ ಸ್ಥಾನ ಗಳಿಸಿ, ನಾಕೌಟ್‌ನಲ್ಲಿ ಮುಂಬೈ ಸಿಟಿಯನ್ನು 5-0ಯಿಂದ ಹೊಸಕಿಹಾಕಿ ಫೈನಲ್‌ಗೆ ತಲುಪಿದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತದ್ದು ಬೇರೆ ಮಾತು.

ಹತ್ತನೇ ಸ್ಥಾನದ ಕೋಚ್ ಹಾಗೂ ಫೈನಲ್ ತಲುಪಿದ ಕೋಚ್ ಒಬ್ಬರೇ ಆಗಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು. ನಡುವೆ ಬದಲಾದದ್ದು ಆಟಗಾರರು, ಮತ್ತು ಅವರನ್ನು ಸಿದ್ಧಪಡಿಸಲು ದೊರೆತ ಒಂದು ಪೂರ್ಣ ಬೇಸಿಗೆ.

ಬುಲ್ಸ್ ಹಿಡಿದ ದಾರಿ

ಕರಾವಳಿಯ ಓದುಗರಿಗೆ ಫುಟ್‌ಬಾಲ್‌ಗಿಂತ ಹತ್ತಿರದ ಉದಾಹರಣೆಯೊಂದು ಪ್ರೊ ಕಬಡ್ಡಿಯಲ್ಲಿದೆ. 2024ರ 11ನೇ ಆವೃತ್ತಿಗೆ ಬೆಂಗಳೂರು ಬುಲ್ಸ್ ತಂಡವು 70 ಲಕ್ಷ ರೂಪಾಯಿಗೆ ಪರ್ದೀಪ್ ನರ್ವಾಲ್ ಅವರನ್ನು ಖರೀದಿಸಿ ನಾಯಕತ್ವ ನೀಡಿತು. 22 ಪಂದ್ಯಗಳಲ್ಲಿ ಗೆದ್ದದ್ದು ಕೇವಲ ಎರಡು. ಸ್ಥಾನ 12ನೆಯದು, ಅರ್ಥಾತ್ ಕಟ್ಟಕಡೆಯದು. ಹಲವು ಆವೃತ್ತಿಗಳಿಂದ ತಂಡದೊಂದಿಗಿದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಅವರ ಸ್ಥಾನಕ್ಕೆ 2025ರಲ್ಲಿ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಬಂದರು.

ರಮೇಶ್ ಅವರ ಸಾಧನೆ ಸಣ್ಣದಲ್ಲ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ, 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ತಂಡವನ್ನೂ ಚಾಂಪಿಯನ್ ಪಟ್ಟಕ್ಕೇರಿಸಿದವರು. ಹಾಗೆಂದು ಮಂತ್ರದಂಡ ಅವರ ಕೈಯಲ್ಲೂ ಇರಲಿಲ್ಲ. ಪ್ರಶಸ್ತಿ ಗೆದ್ದ ಅದೇ ಪುಣೇರಿ ಮರು ಆವೃತ್ತಿಯಲ್ಲಿ ಎಂಟನೇ ಸ್ಥಾನಕ್ಕೆ ಕುಸಿದು ಪ್ಲೇಆಫ್‌ನಿಂದ ಹೊರಬಿದ್ದಿತ್ತು. ಬುಲ್ಸ್ ಮಾಡಿದ ಜಾಣತನವೆಂದರೆ ಕೋಚ್ ಆಯ್ಕೆಯನ್ನು ಆಟಗಾರರ ಹರಾಜಿಗೆ ಮುನ್ನವೇ ಮುಗಿಸಿದ್ದು. 2025ರ ಮೇ 31 ಹಾಗೂ ಜೂನ್ 1ರಂದು ಮುಂಬೈನಲ್ಲಿ ಹರಾಜು ನಡೆಯುವ ವೇಳೆಗೆ ಯಾವ ಬಗೆಯ ತಂಡ ಬೇಕೆಂದು ಹೇಳಲು ಕೋಚ್ ಇದ್ದರು. ಆರಂಭದ ಮೂರು ಪಂದ್ಯಗಳನ್ನು ಸೋತಾಗ ಹಳೆಯ ಗೊಣಗಾಟ ಮರುಕಳಿಸಿತಾದರೂ ಇರಾನಿನ ಅಲಿರೇಝಾ ಮಿರ್ಝಾಯನ್ ಅವರ ದಾಳಿಯ ಬಲದಿಂದ ತಂಡ ಲೀಗ್ ಹಂತದಲ್ಲಿ ಮೂರನೇ ಸ್ಥಾನಕ್ಕೇರಿ ಪ್ಲೇಆಫ್ ಪ್ರವೇಶಿಸಿತು.

ಸ್ಥಳೀಯರೇ ಕೋಚ್ ಆಗಬೇಕೆಂಬ ವಾದಕ್ಕೆ ಇದು ಪುಷ್ಟಿ ನೀಡುವುದೇ? ಕಬಡ್ಡಿಯಲ್ಲಿ ಆ ಪ್ರಶ್ನೆಯೇ ಏಳದು, ಫುಟ್‌ಬಾಲ್‌ನಲ್ಲಿ ಏಳುತ್ತದೆ. ಐಎಸ್‌ಎಲ್ ಕ್ಲಬ್‌ಗಳು ದೀರ್ಘಕಾಲ ಭಾರತೀಯರನ್ನು ಸಹಾಯಕ ಅಥವಾ ಹಂಗಾಮಿ ಸ್ಥಾನಕ್ಕೇ ಸೀಮಿತಗೊಳಿಸಿದ್ದವು. ಹಿಂದಿನ ವರ್ಷ ಹಿಂಬಡ್ತಿಗೆ ಒಳಗಾಗಿ, ಬಳಿಕ ಲೀಗ್‌ಗೆ ಮರಳಿ ಸೇರ್ಪಡೆಗೊಂಡಿದ್ದ ಮಿಜೋರಾಮಿನ ಐಜ್ವಾಲ್ ಎಫ್‌ಸಿಯನ್ನು 2016-17ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದ ಖಾಲಿದ್ ಜಮೀಲ್ ಅವರಿಗೂ ಐಎಸ್‌ಎಲ್‌ನಲ್ಲಿ ಪೂರ್ಣಾವಧಿ ಹೊಣೆ ದೊರೆಯಲು 2021ರವರೆಗೆ ಕಾಯಬೇಕಾಯಿತು. 2025ರ ಆಗಸ್ಟ್ 1ರಂದು ಅವರು ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಿ ನೇಮಕಗೊಂಡರು. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂನಂತಹ ಸಂಸ್ಥೆಗಳಲ್ಲಿ ಆಡಿ ಬೆಳೆಯುತ್ತಿರುವವರ ಪೈಕಿ ಎಲ್ಲರೂ ವೃತ್ತಿಪರ ಆಟಗಾರರಾಗಲಾರರು. ತರಬೇತುದಾರರ ಲೈಸೆನ್ಸ್ ಪಡೆದರೆ ಮುಂದೆ ದಾರಿಯಿದೆ ಎಂಬ ಭರವಸೆ ಅವರಿಗೆ ಮುಖ್ಯ.

ಆ ದಾರಿಯೂ ಸುಗಮವಾಗಿಲ್ಲ. ಜಮೀಲ್ ನೇಮಕಗೊಂಡ ಅದೇ ವಾರದಲ್ಲಿ, ಲೀಗ್‌ನ ವಾಣಿಜ್ಯ ಒಪ್ಪಂದದ ಬಿಕ್ಕಟ್ಟಿನಿಂದ ಮುಂದಿನ ಆವೃತ್ತಿ ಅನಿಶ್ಚಿತಗೊಂಡಿದ್ದಾಗ, ಬೆಂಗಳೂರು ಎಫ್‌ಸಿ ತನ್ನ ಪ್ರಧಾನ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದಷ್ಟೇ ಫೈನಲ್ ಆಡಿದ್ದ ತಂಡವದು.