ಧ್ರುವ ಪ್ರದೇಶದ ಅಖಂಡ ಹಗಲು

ಬೆಳಿಗ್ಗೆ ಸೂರ್ಯನು ಮೂಡಬೇಕು, ಸಂಜೆಗೆ ಮುಳುಗಬೇಕು; ಇದು ನಮಗೆ ಎಷ್ಟೊಂದು ರೂಢಿಯಾಗಿದೆಯೆಂದರೆ, ಇದಕ್ಕೆ ಹೊರತಾದುದೊಂದು ಇದ್ದೀತೆಂದು ನಾವು ಎಣಿಸುವುದೇ ಇಲ್ಲ. ಆದರೆ ಪೃಥ್ವಿಯ ಎರಡೂ ತುದಿಗಳಲ್ಲಿ ಬೇಸಿಗೆ ಬಂದಿತೆಂದರೆ ಸೂರ್ಯನು ನಟ್ಟಿರುಳಿನಲ್ಲಿಯೂ ಮುಳುಗುವುದಿಲ್ಲ. ಇದು ಕಟ್ಟುಕಥೆಯಲ್ಲ. ಅಂಟಾರ್ಕ್ಟಿಕಾದಲ್ಲಿ 1989ರಲ್ಲಿ ಭಾರತವು ಸ್ಥಾಪಿಸಿದ ‘ಮೈತ್ರಿ’ ಕೇಂದ್ರದಲ್ಲಿ ನವೆಂಬರ್ ಮಧ್ಯದಿಂದ ಜನವರಿಯ ಕೊನೆಯ ವಾರದವರೆಗೆ ರಾತ್ರಿಯೆಂಬುದಿಲ್ಲ. ಉತ್ತರದ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ನಮ್ಮ ‘ಹಿಮಾದ್ರಿ’ ಕೇಂದ್ರದಲ್ಲಿ ಏಪ್ರಿಲ್ ಮಧ್ಯದಿಂದ ಸುಮಾರು ನಾಲ್ಕು ತಿಂಗಳು ಒಂದೇ ಹಗಲು.

ಇದಕ್ಕೆ ಕಾರಣವೇನು? ಬೇಸಿಗೆಯಲ್ಲಿ ಭೂಮಿಯು ಸೂರ್ಯನಿಗೆ ಹತ್ತಿರವಾಗುತ್ತದೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ. ಆಗ ನಮಗೆ ಚಳಿಗಾಲ. ನಿಜವಾದ ಕಾರಣವು ಭೂಮಿಯ ಓರೆಯಲ್ಲಿದೆ. ಅದರ ಅಕ್ಷವು ನೆಟ್ಟಗಿರದೆ ಸುಮಾರು 23½ ಅಂಶ ವಾಲಿಕೊಂಡಿದೆ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿ, ನಮ್ಮ ಭಾಗದಲ್ಲಿ ಬೆಳೆಯುವ ಒಂದು ದಾಳಿಂಬೆಗೆ ಮೇಲಿನಿಂದ ಕೆಳಗೆ ಕಡ್ಡಿ ಚುಚ್ಚಿ, ಕಡ್ಡಿಯ ಮೇಲ್ತುದಿಯನ್ನು ದೀಪದ ಕಡೆಗೆ ತುಸು ಬಾಗಿಸಿ ತಿರುಗಿಸಿರಿ. ಹಣ್ಣಿನ ನಡುಭಾಗವು ಬೆಳಕಿಗೆ ಬಂದು ಕತ್ತಲೆಗೆ ಹೋಗುತ್ತದೆ. ಆದರೆ ಮೇಲ್ತುದಿಯ ಸುತ್ತಲಿನ ಸಣ್ಣ ವೃತ್ತವು ಎಷ್ಟು ತಿರುಗಿಸಿದರೂ ಬೆಳಕಿನಲ್ಲಿಯೇ ಉಳಿಯುತ್ತದೆ, ಕೆಳತುದಿಯದು ಕತ್ತಲೆಯಲ್ಲಿಯೇ. ಇನ್ನು ಕಡ್ಡಿಯ ಓರೆಯನ್ನು ಬದಲಿಸದೆ ಹಣ್ಣನ್ನು ದೀಪದ ಆಚೆ ಬದಿಗೆ ಒಯ್ದರೆ, ಕೆಳತುದಿಗೆ ಬೆಳಕು, ಮೇಲ್ತುದಿಗೆ ಕತ್ತಲೆ. ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಪೃಥ್ವಿಯ ಸ್ಥಿತಿಯು ಹೀಗೆಯೇ ಇರುತ್ತದೆ.

ಈ ಓರೆಯ ಪರಿಣಾಮವು ನಮ್ಮಲ್ಲಿಯೂ ಇದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಇವೆಲ್ಲವೂ ಹೆಚ್ಚುಕಡಿಮೆ 16 ಅಂಶ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಲ್ಲಿ ಇಲ್ಲಿ ಸೂರ್ಯನು ಮಧ್ಯಾಹ್ನ ನಡುನೆತ್ತಿಗೆ ಬರುತ್ತಾನೆ. ನೆಟ್ಟ ಕಂಬದ ನೆರಳು ಬುಡದಲ್ಲಿಯೇ ಅಡಗುತ್ತದೆ. ಅಲ್ಲಿಂದ ಆಗಸ್ಟ್ 8ರ ಸುಮಾರಿನವರೆಗೆ ಅವನು ನಮ್ಮ ನೆತ್ತಿಗಿಂತ ಉತ್ತರಕ್ಕಿರುವುದರಿಂದ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರ ಹಗಲು ಇಲ್ಲಿ ಸುಮಾರು 13 ತಾಸು. ಡಿಸೆಂಬರ್ 22ರ ಹಗಲು 11 ತಾಸಿಗೆ ತುಸು ಹೆಚ್ಚು. ಇಳಕಲ್ಲಿನ ಮಗ್ಗದ ಮನೆಗೆ ಆ ಎರಡು ತಾಸಿನ ಬೆಳಕನ್ನು ಕೊಡುವುದೂ ಇದೇ ಓರೆಯೇ. ಉತ್ತರಕ್ಕೆ ಹೋದಂತೆ ಈ ಅಂತರವು ಬೆಳೆಯುತ್ತದೆ. ಜೂನ್‌ನಲ್ಲಿ ಲಂಡನ್ನಿನ ಹಗಲು 16 ತಾಸನ್ನು ಮೀರುತ್ತದೆ. 66½ ಅಂಶದಲ್ಲಿ 24 ತಾಸು ಆಗುತ್ತದೆ. ಧ್ರುವಬಿಂದುವಿನಲ್ಲಿ ಹಗಲು ಆರು ತಿಂಗಳು.

ಅಷ್ಟು ಬಿಸಿಲಿದ್ದರೂ ಅಲ್ಲಿ ಹಿಮವೇಕೆ ಕರಗದು? ಧ್ರುವದಲ್ಲಿ ಸೂರ್ಯನು ದಿಗಂತದಿಂದ 23½ ಅಂಶಕ್ಕಿಂತ ಮೇಲೇರಲಾರನು. ಓರೆಯಾಗಿ ಬಿದ್ದ ಕಿರಣಗಳು ಬಹಳ ವಿಸ್ತಾರಕ್ಕೆ ಹಂಚಿಹೋಗುತ್ತವೆ. ಬಿದ್ದುದರಲ್ಲಿಯೂ ಹೆಚ್ಚಿನ ಪಾಲನ್ನು ಬಿಳಿಯ ಹಿಮವು ಹಿಂದಕ್ಕೆ ಚೆಲ್ಲುತ್ತದೆ.

ದೇವತೆಗಳ ಒಂದು ದಿನವೆಂದರೆ ಮನುಷ್ಯರ ಒಂದು ವರ್ಷ, ಉತ್ತರಾಯಣವೇ ಅವರ ಹಗಲು ಎಂದು ಓದುಬರಹವಿಲ್ಲದ ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದವರು ಇದನ್ನು ಕೇಳಿ ನಗುವುದುಂಟು. ಆದರೆ ಕ್ರಿ.ಶ. 5ನೆಯ ಶತಮಾನದ ಕೊನೆಗೆ ಆರ್ಯಭಟನು, ಉತ್ತರ ಧ್ರುವದ ಮೇರುವಿನಲ್ಲಿರುವ ದೇವತೆಗಳಿಗೆ ಸೂರ್ಯನು ಅರ್ಧ ವರ್ಷ ಕಾಣುತ್ತಾನೆಂದು ತನ್ನ ‘ಆರ್ಯಭಟೀಯ’ದಲ್ಲಿ ಹೇಳಿದ್ದಾನೆ. ಹಿರಿಯರ ಲೆಕ್ಕದಲ್ಲಿ ವ್ಯತ್ಯಾಸವಿರುವುದು ಒಂದೇ ಕಡೆ: ಉತ್ತರ ಧ್ರುವದಲ್ಲಿ ಸೂರ್ಯನು ಮೂಡುವುದು ಉತ್ತರಾಯಣದ ಆರಂಭಕ್ಕಲ್ಲ, ಮಾರ್ಚ್ 21ರ ಸುಮಾರಿಗೆ; ಮುಳುಗುವುದು ಸೆಪ್ಟೆಂಬರ್ 23ರ ಸುಮಾರಿಗೆ.

ಆದುದರಿಂದ ಮನೆಯ ಮಾತನ್ನು ಕುರುಡಾಗಿ ನಂಬುವುದೂ ಬೇಡ, ಕೇಳದೆ ತಳ್ಳಿಹಾಕುವುದೂ ಬೇಡ. ಅದನ್ನು ಅಳೆದು, ನಿಜವಾದಷ್ಟನ್ನು ಉಳಿಸಿ, ತಪ್ಪಿದ್ದನ್ನು ತಿದ್ದಿ ಹಿರಿಯರಿಗೆ ತಿಳಿಯುವಂತೆ ಹೇಳುವುದೇ ವಿದ್ಯಾವಂತನ ಕೆಲಸ. ಅದಕ್ಕೆ ಒಂದು ದೀಪ, ಒಂದು ದಾಳಿಂಬೆ ಸಾಕು.